ಬಾಯಿಪಾಠ ಮಕ್ಕಳಿಗೆ ಮಾತ್ರವೇ?

ಪತ್ರ: ನಮ್ಮ ಸಭೆಯಲ್ಲಿ ಜನವರಿ 1ರಿಂದ, ವರ್ಷದೊಳಗೆ ಇಡೀ ಸತ್ಯವೇದ ಓದಿ ಮುಗಿಸುವ ಯೋಜನೆ ಶುರು ಮಾಡಿದೆವು. ಮೂರನೇ ಪುಸ್ತಕವಾದ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಬಹಳ ಜನ ಬಿಟ್ಟರು. ಈಗ ಕೆಲವರು, ವಾಕ್ಯ ಬಾಯಿಪಾಠ ಮಾಡೋಣ ಅನ್ನುತ್ತಿದ್ದಾರೆ. ನನಗೆ ಅದು ಗಿಳಿಪಾಠ ಅನಿಸುತ್ತದೆ. ಅರ್ಥ ಆಗುವುದು ಮುಖ್ಯ ಅಲ್ವಾ? ವಾಕ್ಯ ಬೇಕಾದರೆ ಮೊಬೈಲಿನಲ್ಲಿ ಸಿಗುತ್ತದೆ. ಬಾಯಿಪಾಠವನ್ನು ಸಂಡೇ ಸ್ಕೂಲ್ ಮಕ್ಕಳು ಹೇಗೂ ಮಾಡುತ್ತಿದ್ದಾರೆ. ದೊಡ್ಡವರಲ್ಲಿ ಓದುವ ಅಭ್ಯಾಸ ಬೆಳೆಸುವುದು ಹೇಗೆ?

ಸಂಪಾದಕರ ಉತ್ತರ:

ಪ್ರಿಯ ಓದುಗರೇ, ನಿಮ್ಮ ಪತ್ರ ಓದಿ ಸಂತೋಷವಾಯಿತು. ಸಭೆಯ ಓದಿನ ಬಗ್ಗೆ ಇಷ್ಟು ಯೋಚಿಸುವವರು ಈಗ ಕಡಿಮೆ. ಆದರೆ "ಮಕ್ಕಳು ಹೇಗೂ ಮಾಡುತ್ತಿದ್ದಾರೆ" ಎಂಬ ಒಂದು ಮಾತು ಓದಿ ಬೇಸರವೂ ಆಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಅರ್ಥ ಮುಖ್ಯ ಅಂದಿರಿ. ಒಪ್ಪಿದೆ. ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿದ್ದ ಇಥಿಯೋಪ್ಯದ ಕಂಚುಕಿಯೂ, ಯಾರಾದರೂ ತಿಳಿಸಿಕೊಡದೆ ನನಗೆ ಹೇಗೆ ಅರ್ಥವಾದೀತು ಎಂದೇ ಕೇಳಿದ. ಇನ್ನೂ ಒಂದು ಮಾತು ನಿಮ್ಮ ಪರವಾಗಿಯೇ ಹೇಳಬಹುದು. ಮತ್ತಾಯ 4ರಲ್ಲಿ ಸೈತಾನನೂ 91ನೇ ಕೀರ್ತನೆಯನ್ನು ಬಾಯಿಪಾಠ ಒಪ್ಪಿಸುತ್ತಾನೆ. ಸುಮ್ನೆ ಬಾಯಿಗೆ ಬಂದ ಮಾತ್ರಕ್ಕೆ ಯಾರೂ ಭಕ್ತರಾಗುವುದಿಲ್ಲ.

ಆದರೆ ಅದೇ ಅಧ್ಯಾಯದಲ್ಲಿ ಯೇಸು ಏನು ಮಾಡಿದರು ನೋಡಿ. ನಲವತ್ತು ದಿನದ ಉಪವಾಸ, ಅರಣ್ಯ, ಕೈಯಲ್ಲಿ ಸುರುಳಿ ಇಲ್ಲ. ಮೂರು ಶೋಧನೆಗೂ ಮೂರು ಉತ್ತರ ಕೊಟ್ಟರು. ಮೂರೂ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯಗಳಿಂದಲೇ. ನಿಮ್ಮ ಸಭೆ ನಿಂತ ಜಾಗದಿಂದ ಎರಡೇ ಪುಸ್ತಕ ಮುಂದೆ ಅದು. ಶಿಲುಬೆಯ ಮೇಲೂ ಅವರ ಬಾಯಲ್ಲಿ ಇದ್ದದ್ದು 22 ಮತ್ತು 31ನೇ ಕೀರ್ತನೆಗಳ ಮಾತು. ಯೋನನ ಪ್ರಾರ್ಥನೆಯನ್ನು ಕೀರ್ತನೆಗಳ ಪಕ್ಕದಲ್ಲಿ ಇಟ್ಟು ಓದಿ. ನಿನ್ನ ಅಲೆಗಳೆಲ್ಲ ನನ್ನ ಮೇಲೆ ಹಾದುಹೋದವು ಎಂಬ ಮಾತು 42ನೇ ಕೀರ್ತನೆಯಲ್ಲೂ ಇದೆ. ಮೀನಿನ ಹೊಟ್ಟೆಯಲ್ಲಿ ಪುಸ್ತಕ ತೆರೆಯುವುದಾದರೂ ಹೇಗೆ? ಯೇಸುವಿನ ತಾಯಿ ಮರಿಯಳ ಹಾಡಿನಲ್ಲಿ ಸಮುವೇಲನ ತಾಯಿ ಹನ್ನಳ ಹಾಡು ಕೇಳಿಸುತ್ತದೆ. ಇದನ್ನು ಗಿಳಿಪಾಠ ಅನ್ನಲು ನಿಮಗೆ ಮನಸ್ಸು ಬರುತ್ತದೆಯೇ?

ಮೊಬೈಲಿನ ಮಾತಿಗೆ ಬರೋಣ. ನನ್ನ ಹಿರಿಯ ಸ್ನೇಹಿತರೊಬ್ಬರಿಗೆ ಕಣ್ಣಿನ ಆಪರೇಷನ್ ಆಗಿತ್ತು. ಕೆಲವು ವಾರ ಓದುವಂತಿರಲಿಲ್ಲ, ಸ್ಕ್ರೀನ್ ನೋಡುವಂತಿರಲಿಲ್ಲ. ಆಡಿಯೊ ಹಾಕಿಕೊಡಲೇ ಎಂದು ಕೇಳಿದೆ. "ಹಗಲಲ್ಲಿ ಸರಿ. ನಡುರಾತ್ರಿ ಯಾರನ್ನು ಎಬ್ಬಿಸಲಿ?" ಎಂದರು. ರಾತ್ರಿ ಹೊತ್ತು ಅವರು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯವನ್ನು ಹೇಳಿಕೊಳ್ಳುತ್ತಿದ್ದರು. ಹರೆಯದಲ್ಲಿ ಕಲಿತದ್ದಂತೆ. ಮಧ್ಯೆ ಒಂದು ವಾಕ್ಯ ಎಷ್ಟು ಮಾಡಿದರೂ ನೆನಪಾಗಿರಲಿಲ್ಲ. ಓದಬಹುದು ಎಂದು ಡಾಕ್ಟರು ಹೇಳಿದ ದಿನ ಅವರು ಮೊದಲು ತೆಗೆದು ನೋಡಿದ್ದು ಆ ವಾಕ್ಯವನ್ನೇ. ಆಮೇಲೆ ಆ ಪತ್ರವನ್ನು ಪೂರ್ತಿ ಓದಿದರು.

ನಾನು ಹೇಳಬೇಕಾದದ್ದೂ ಇದನ್ನೇ. ನೀವು ಓದು ಮತ್ತು ಬಾಯಿಪಾಠವನ್ನು ಎದುರುಬದುರು ನಿಲ್ಲಿಸಿದ್ದೀರಿ. ಬಾಯಿಪಾಠ ಇರುವ ಕಡೆ ಓದು ತಾನಾಗಿ ಬೆಳೆಯುತ್ತದೆ. ಮನಸ್ಸಿನಲ್ಲಿ ಇರುವ ಮಾತು ಮತ್ತೆ ಪುಸ್ತಕಕ್ಕೆ ಕರೆಯುತ್ತದೆ.

ಓದಿನ ಯೋಜನೆ ತಪ್ಪಲ್ಲ. 1842ರಲ್ಲಿ ರಾಬರ್ಟ್ ಮರ್ರೆ ಮೆಕ್‌ಚೇನ್ ಎಂಬ ಯುವ ಸಭಾಪಾಲಕರು ಸ್ಕಾಟ್ಲೆಂಡಿನ ಡಂಡೀಯಲ್ಲಿ ತಮ್ಮ ಸಭೆಗೆ ಇಂಥದ್ದೇ ಪಟ್ಟಿ ಮಾಡಿಕೊಟ್ಟರು. ಸಭೆಯವರೆಲ್ಲ ಒಂದೇ ದಿನ ಒಂದೇ ಭಾಗ ಓದಿದರೆ, ಮಂದೆ ಎಲ್ಲಿ ಮೇಯುತ್ತಿದೆ ಎಂದು ಕುರುಬನಿಗೆ ಗೊತ್ತಿರುತ್ತದೆ ಎಂಬುದು ಅವರ ಆಸೆ. ಅದರ ಜೊತೆಗೇ ಅವರು ಅಪಾಯಗಳನ್ನೂ ಬರೆದಿಟ್ಟರು: ಓದು ಬರೀ ಕಾಟಾಚಾರ ಆಗಬಹುದು, ಓದಿದೆ ಎಂಬ ಹೆಮ್ಮೆ ಬರಬಹುದು, ಕೆಲವರಿಗೆ ಹೊರೆಯಾಗಬಹುದು. ನಿಮ್ಮಲ್ಲಿ ಆಗಿರುವುದು ಕೊನೆಯದು. ಸತ್ಯವೇದದಲ್ಲಿ 1189 ಅಧ್ಯಾಯಗಳಿವೆ. ದಿನಕ್ಕೆ ಮೂರಕ್ಕಿಂತ ಜಾಸ್ತಿ ಓದಬೇಕು. ಜನವರಿ ಮುಗಿಯುವ ಹೊತ್ತಿಗೆ ಹೋಮ ಬಲಿಗಳ ನಿಯಮ ಎದುರಾಗುತ್ತದೆ. ಮನೆಯಲ್ಲಿ ಒಬ್ಬರೇ ಕೂತು, ಕೇಳಲು ಯಾರೂ ಇಲ್ಲದೆ, ಎಷ್ಟು ಜನ ದಾಟಿಯಾರು? ಬಿಟ್ಟವರನ್ನು ಸೋಮಾರಿಗಳು ಅನ್ನಬೇಡಿ.

ಈಗ ಮಕ್ಕಳ ವಿಷಯ. ಧರ್ಮೋಪದೇಶಕಾಂಡ 6ರಲ್ಲಿ ಕ್ರಮ ಹೇಗಿದೆ? ಈ ಮಾತುಗಳು ಮೊದಲು ನಿನ್ನ ಹೃದಯದಲ್ಲಿ ಇರಬೇಕು, ಆಮೇಲೆ ಮಕ್ಕಳಿಗೆ ಕಲಿಸಬೇಕು. ನಾವು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಹಿಡಿದಿದ್ದೇವೆ. ಮಗು ವೇದಿಕೆ ಹತ್ತಿ ವಾಕ್ಯ ಒಪ್ಪಿಸುತ್ತದೆ, ಅಪ್ಪ ಕೆಳಗೆ ಕೂತು ವೀಡಿಯೊ ಮಾಡುತ್ತಾನೆ. ಹದಿನೈದು ವರ್ಷ ಆಗುವಷ್ಟರಲ್ಲಿ ಆ ಮಗುವಿಗೆ ಇದು ಚಿಕ್ಕವರ ಕೆಲಸ ಎಂದು ತಿಳಿದುಬಿಡುತ್ತದೆ. ತಿಮೊಥೆಯನ ನಂಬಿಕೆ ಮೊದಲು ಅಜ್ಜಿ ಲೋವಿಯಲ್ಲಿ, ತಾಯಿ ಯೂನೀಕೆಯಲ್ಲಿ ಇತ್ತು ಎಂದು ಪೌಲ ಬರೆಯುತ್ತಾನೆ.

787ರಲ್ಲಿ ನೈಸಿಯದಲ್ಲಿ ಸೇರಿದ ಮಹಾಸಭೆ, ಬಿಷಪ್ ಆಗುವವನಿಗೆ ಕೀರ್ತನೆಗಳ ಪುಸ್ತಕ ಪೂರ್ತಿ ಬಾಯಿಗೆ ಬರಬೇಕು ಎಂದು ನಿಯಮ ಮಾಡಿತು. 150 ಕೀರ್ತನೆಗಳು! ಬೆನೆಡಿಕ್ಟ್ ಎಂಬ ಸಂನ್ಯಾಸಿಯ ನಿಯಮದಂತೆ ನಡೆಯುವ ಮಠಗಳಲ್ಲಿ ಅವೆಲ್ಲವನ್ನೂ ವಾರಕ್ಕೊಮ್ಮೆ ಹಾಡುತ್ತಿದ್ದರು. ವಾರವಾರ ಹಾಡಿದರೆ ಬಾಯಿಗೆ ಬಾರದೆ ಇರುತ್ತದೆಯೇ? ಇಂದು ಸಭೆಯ ಕಮಿಟಿಗೆ ನಿಲ್ಲುವವರನ್ನು ನಾವು ಏನು ಕೇಳುತ್ತೇವೆ? ಲೆಕ್ಕಪತ್ರ ಗೊತ್ತಾ, ಕಟ್ಟಡದ ಕೆಲಸ ನೋಡಿಕೊಳ್ಳುತ್ತೀರಾ ಎಂದು. ಒಂದು ಕೀರ್ತನೆ ಹೇಳಿ ಎಂದು ಕೇಳಿದರೆ ಅವಮಾನ ಆಗುತ್ತದೆ. ಆರಾಧನೆಯಲ್ಲಿ ವಾಕ್ಯ ಓದುವವರಿಗೆ ಆ ದಿನ ಬೆಳಿಗ್ಗೆ ಬಾಗಿಲಲ್ಲಿ ಚೀಟಿ ಕೊಡುತ್ತೇವೆ. ಅವರು ತಡವರಿಸುತ್ತಾ ಓದಿ ಇಳಿಯುತ್ತಾರೆ. ಪ್ರಸಂಗಕ್ಕೆ ನಲವತ್ತು ನಿಮಿಷ, ಓದಿಗೆ ಎರಡು ನಿಮಿಷ. ಯಾಜಕನಾದ ಎಜ್ರನು ಧರ್ಮಶಾಸ್ತ್ರವನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಓದಿದ, ಜನ ಕಿವಿಗೊಟ್ಟರು. ಓದಿಗೆ ಆರಾಧನೆಯಲ್ಲೇ ಬೆಲೆ ಇಲ್ಲದಿದ್ದರೆ ಮನೆಯಲ್ಲಿ ಎಲ್ಲಿಂದ ಬರಬೇಕು?

ಬಿಡಿ ವಾಕ್ಯದ ಕಾರ್ಡುಗಳ ಬಗ್ಗೆಯೂ ನನಗೆ ದೂರಿದೆ. ನಿಮಗೆ ಒಳ್ಳೆಯ ಭವಿಷ್ಯ ಕೊಡುತ್ತೇನೆ ಎಂದು ದೇವರು ಹೇಳುವ ಯೆರೆಮೀಯ 29:11 ಎಷ್ಟು ಗೋಡೆಗಳ ಮೇಲಿದೆ! ಅದರ ಹಿಂದಿನ ವಾಕ್ಯದಲ್ಲೇ ಎಪ್ಪತ್ತು ವರ್ಷದ ಸೆರೆ ಇದೆ. ಅದು ಯಾವ ಗೋಡೆಯ ಮೇಲೂ ಇಲ್ಲ. ಹೊಸ ಒಡಂಬಡಿಕೆಗೆ ಈಗಿನ ವಾಕ್ಯ ಸಂಖ್ಯೆ ಬಂದದ್ದೇ 1551ರಲ್ಲಿ, ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕನಿಂದ. ಅದಕ್ಕೂ ಮೊದಲು ಪೌಲನ ಪತ್ರವನ್ನು ಜನ ಪತ್ರವಾಗಿಯೇ ಕೇಳಿದರು. ನೀವೂ ಇಡೀ ಭಾಗವನ್ನೇ ಕಲಿಯಿರಿ. ನೀವು ಹುಡುಕುವ ಅರ್ಥವೂ ಅಲ್ಲೇ ಸಿಗುತ್ತದೆ.

ಫಿಲಿಪ್ಪಿಯವರಿಗೆ ಬರೆದ ಪತ್ರದಿಂದ ಶುರು ಮಾಡಿ. ನಾಲ್ಕು ಅಧ್ಯಾಯ, 104 ವಾಕ್ಯ. ವಾರಕ್ಕೆ ಎರಡು ಕಲಿತರೆ ಒಂದು ವರ್ಷಕ್ಕೆ ಸರಿಯಾಗಿ ಮುಗಿಯುತ್ತದೆ. ಪ್ರತಿ ಭಾನುವಾರ ಆವರೆಗಿನ ಭಾಗವನ್ನು ಸಭೆಯೆಲ್ಲ ಎದ್ದು ನಿಂತು ಒಟ್ಟಿಗೆ, ಗಟ್ಟಿಯಾಗಿ ಹೇಳಲಿ. ಪ್ರಸಂಗವೂ ಅದರ ಮೇಲೆಯೇ ಇರಲಿ. ವಾರದ ಮಧ್ಯೆ ಇಬ್ಬಿಬ್ಬರು ಸೇರಿ ಒಬ್ಬರಿಗೊಬ್ಬರು ಒಪ್ಪಿಸಲಿ. ಹಳೆಯದನ್ನು ಬಿಟ್ಟು ಹೊಸದಕ್ಕೆ ಓಡಬೇಡಿ. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಬೇಗ ಮರೆಯುತ್ತದೆ, ಬಿಟ್ಟು ಬಿಟ್ಟು ಮತ್ತೆ ಹೇಳಿಕೊಂಡರೆ ಉಳಿಯುತ್ತದೆ ಎಂದು ಎಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ.

ಬಹುಮಾನ ಇಡಬೇಡಿ, ಹೆಸರಿನ ಪಟ್ಟಿ ಹಾಕಬೇಡಿ. ಮೊದಲ ಭಾನುವಾರ ಸಭಾಪಾಲಕರು ಮತ್ತು ಕಮಿಟಿಯವರು ಪುಸ್ತಕ ನೋಡದೆ ಮೊದಲ ಹನ್ನೊಂದು ವಾಕ್ಯ ಹೇಳಲಿ. ತಡವರಿಸಿದರೂ ಪರವಾಗಿಲ್ಲ. ಓದು ಬಾರದ ಹಿರಿಯರನ್ನೂ ಬಿಡಬೇಡಿ. ಅವರ ಪಕ್ಕದಲ್ಲಿ ಸಂಡೇ ಸ್ಕೂಲಿನ ಒಂದು ಮಗುವನ್ನು ಪುಸ್ತಕದ ಸಮೇತ ಕೂರಿಸಿ. ಮಗು ಓದಿ ಹೇಳಲಿ, ಅವರು ಕೇಳಿ ಕಲಿಯಲಿ. ಮುಂದಿನ ವಾರ ಮಗು ಅವರಿಗೆ ಒಪ್ಪಿಸಲಿ.