ಬಿಟ್ಟಿದ್ದೆಲ್ಲ ಬರೆದಿದ್ದೀರಿ, ತಿಂದಿದ್ದು?

ಪ್ರಶ್ನೆ: ನನಗೆ 36 ವರ್ಷ. ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಹಳ್ಳಿ. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ನಮ್ಮದು ಮೊದಲಿಂದಲೂ ಶಾಕಾಹಾರಿ ಮನೆ. ಮೈಭಾರ, ಹೊಟ್ಟೆಯುಬ್ಬರ, ಸುಸ್ತು ಇತ್ತು. ಐದು ತಿಂಗಳ ಹಿಂದೆ ವಿಡಿಯೊ ನೋಡಿ ವೀಗನ್ ಆದೆ. ಹಾಲು, ಮೊಸರು, ಮಜ್ಜಿಗೆ, ತುಪ್ಪ ಬಿಟ್ಟೆ. ದಿನಕ್ಕೆ ಐದಾರು ಸಲ ಕುಡಿಯುತ್ತಿದ್ದ ಚಹಾ, ಜೊತೆಗಿನ ಬಿಸ್ಕತ್ತೂ ಹೋಯಿತು. ಹೊಟ್ಟೆ ಹಗುರಾಗಿದೆ. ಆದರೆ ಅತ್ತೆ ಮುನಿಸಿಕೊಂಡಿದ್ದಾರೆ. ‘ಮನ್ಯಾಗ ಎಮ್ಮಿ ಕಟ್ಕೊಂಡು ಮಸರು ಬ್ಯಾಡ ಅಂದ್ರ ಹೆಂಗವಾ? ನಾ ಹೆಪ್ಪ ಹಾಕಿದ್ದು ನಿನಗ ವಿಷ ಆತೇನು?’ ಅನ್ನುತ್ತಾರೆ. ಪೇಟೆಯಿಂದ ಬಾದಾಮಿ ಹಾಲಿನ ಡಬ್ಬಿ ತಂದಿದ್ದಕ್ಕೆ ಮನೆಯವರು ರೇಗಿದರು. ಏಳು ವರ್ಷದ ಮಗಳಿಗೂ ಹಾಲು ಬಿಡಿಸಬೇಕು ಅಂದುಕೊಂಡಿದ್ದೇನೆ. ಎಲ್ಲರ ಊಟ ಮುಗಿದು ಮೂರು ಗಂಟೆಗೆ ತಾಟಿನ ಮುಂದೆ ಕೂತರೆ ಅತ್ತೆಯ ಮಾತು ನೆನಪಾಗಿ ಅರ್ಧ ರೊಟ್ಟಿಗೇ ಎದ್ದುಬಿಡುತ್ತೇನೆ. ಈಚೆಗೆ ಪಾದ ಜುಮುಜುಮು ಅನ್ನುತ್ತಿದೆ. ನನ್ನ ಆರೋಗ್ಯ ನಾನು ನೋಡಿಕೊಳ್ಳುವುದು ಸ್ವಾರ್ಥವಾ?

ಉತ್ತರ: ಸ್ವಾರ್ಥ ಅಲ್ಲ ತಂಗಿ. ಅಲ್ಲಿಗೆ ಆ ಮಾತು ಮುಗಿಯಿತು. ಬಿಟ್ಟಿದ್ದನ್ನೆಲ್ಲ ಒಂದೊಂದಾಗಿ ಬರೆದಿದ್ದೀರಿ. ತಿನ್ನುವುದರ ಬಗ್ಗೆ ಪತ್ರದಲ್ಲಿ ಇರುವುದು ಒಂದೇ, ಮೂರು ಗಂಟೆಯ ಅರ್ಧ ರೊಟ್ಟಿ. ಅದನ್ನು ನಾನು ಎರಡು ಸಲ ಓದಿದೆ.

ಎಲ್ಲಕ್ಕಿಂತ ಮೊದಲು ಪಾದದ ಜುಮುಜುಮು. ಇದೇ ವಾರ ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ, ಥೈರಾಯ್ಡ್‌ನಿಂದಲೂ ಹೀಗಾಗಬಹುದು, ಅವನ್ನೂ ನೋಡಲಿ. ಜೊತೆಗೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ನಮಗೆ ದಿನಕ್ಕೆ ಬೇಕಿರುವುದು 2 ಮೈಕ್ರೋಗ್ರಾಂಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಒಂದು ಗ್ರಾಂ ಅನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು! ಅಷ್ಟು ಚೂರು ಕೂಡ ಕಾಳು, ಸೊಪ್ಪು, ರೊಟ್ಟಿಯಿಂದ ಸಿಗುವುದಿಲ್ಲ, ನಮ್ಮಂಥ ಶಾಕಾಹಾರಿ ಮನೆಗಳಲ್ಲಿ ಅದು ಸಿಗುವುದು ಹಾಲು, ಮೊಸರಿನಿಂದ. ‘ವೀಗನ್’ ಎಂಬ ಪದ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1944ರಲ್ಲಿ. ಬಿ12 ಅನ್ನು ವಿಜ್ಞಾನಿಗಳು ಬೇರ್ಪಡಿಸಿದ್ದು 1948ರಲ್ಲಿ. ಅಂದರೆ ಮೊದಮೊದಲು ವೀಗನ್ ಆದವರಿಗೆ ತಮಗೆ ಏನು ಕಡಿಮೆ ಬೀಳುತ್ತಿದೆ ಎಂದೇ ಗೊತ್ತಿರಲಿಲ್ಲ. ನಿಮಗೆ ಆ ತೊಂದರೆ ಇಲ್ಲ, ಗುಳಿಗೆ ಇದೆ.

ಒಂದು ಎಚ್ಚರ. ಹಿಮೋಗ್ಲೋಬಿನ್ ಸರಿ ಇದೆ ಎಂದು ಸುಮ್ಮನಾಗಬೇಡಿ. ಕಾಳು, ಸೊಪ್ಪಿನಲ್ಲಿ ಫೋಲೇಟ್ ಎಂಬ ಇನ್ನೊಂದು ವಿಟಮಿನ್ ಚೆನ್ನಾಗಿರುತ್ತದೆ. ಅದರಿಂದ ರಕ್ತ ಸರಿ ಕಂಡರೂ ಬಿ12 ಕಡಿಮೆಯಾಗಿ ಒಳಗೆ ನರ ಸವೆಯುತ್ತಿರಬಹುದು. ತಡ ಮಾಡಿದರೆ ಆ ನರ ಪೂರ್ತಿ ಸುಧಾರಿಸುತ್ತದೆ ಎನ್ನುವ ಖಾತ್ರಿ ಇಲ್ಲ.

ಇನ್ನೊಂದು ಮಾತು. ಬಿ12 ನಮ್ಮ ಲಿವರ್‌ನಲ್ಲಿ ವರ್ಷಗಟ್ಟಲೆ ಉಳಿಯುವಂಥದ್ದು. ತುಂಬಿದ್ದ ಕಣಜ ಐದೇ ತಿಂಗಳಿಗೆ ಖಾಲಿಯಾಗುವುದಿಲ್ಲ. ಪರೀಕ್ಷೆಯಲ್ಲಿ ಕಡಿಮೆ ಬಂದರೆ, ಹಾಲು ಬಿಡುವ ಮೊದಲೇ ಕಡಿಮೆ ಇತ್ತು ಎಂದೇ ಲೆಕ್ಕ. ಎಮ್ಮೆ ಮನೆಯಲ್ಲೇ ಇತ್ತು, ಸರಿ. ಡೈರಿಗೆ ಹಾಕಿ, ಗಂಡನಿಗೆ, ಮಗಳಿಗೆ, ಮಾವನ ಚಹಾಕ್ಕೆ ಕೊಟ್ಟ ಮೇಲೆ ನಿಮ್ಮ ಪಾಲಿಗೆ ಎಷ್ಟು ಬರುತ್ತಿತ್ತು? ನಮ್ಮ ಕಡೆ ಸೊಸೆಗೆ ಸಿಗುವುದು ಕೊನೆಯಲ್ಲಿ ಉಳಿದ ನೀರು ಮಜ್ಜಿಗೆ, ಅಲ್ವಾ? ಹಾಲು ಬಿಟ್ಟಿರಿ. ಕೊನೆಗೆ ಉಣ್ಣುವುದನ್ನು ಬಿಡಲಿಲ್ಲ.

ಹೊಟ್ಟೆ ಹಗುರಾಗಿದ್ದು ಸುಳ್ಳಲ್ಲ. ದೊಡ್ಡವರಲ್ಲಿ ಎಷ್ಟೋ ಜನರಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ. ಆದರೆ ಆರು ಚಹಾದ ಸಕ್ಕರೆ, ಬಿಸ್ಕತ್ತು ಹೋಗಿದ್ದಕ್ಕೂ ಸ್ವಲ್ಪ ಪುಣ್ಯ ಸಲ್ಲಬೇಕು. ಬರೀ ವೀಗನ್ ಆದರೆ ಸಾಲದು. ಸಂತೆಯ ಮಂಡಾಳ ಒಗ್ಗರಣೆ, ಮಿರ್ಚಿಯೂ ವೀಗನ್ನೇ. (ನನಗೆ ಅದು ಬಿಡಲಾಗದ ಚಟ. ಆರೋಗ್ಯದ ಹೆಸರಲ್ಲಿ ಮಾತ್ರ ತಿನ್ನುವುದಿಲ್ಲ.)

ತಾಟಿನ ವಿಷಯಕ್ಕೆ ಬಂದರೆ, ನೀವು ಪುಣ್ಯವಂತ ಸೀಮೆಯಲ್ಲಿದ್ದೀರಿ. ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಬೇಳೆ ಹಾಕಿದ ಪುಂಡಿಪಲ್ಯ. ಇದರಲ್ಲಿ ಹಾಲಿನ ಹನಿ ಎಲ್ಲಿದೆ? ಒಗ್ಗರಣೆಗೆ ತುಪ್ಪದ ಬದಲು ಎಣ್ಣೆ ಹಾಕಿದರೆ ಆಯಿತು. ಕಾಳಿನ ಪಲ್ಯಕ್ಕೆ ನಿಂಬೆಹುಳಿ ಹಿಂಡಿ, ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಕೊರತೆ ಬೀಳುವುದು ಕ್ಯಾಲ್ಸಿಯಂ. ದಿನಕ್ಕೆ ಸುಮಾರು 1000 ಮಿಲಿಗ್ರಾಂ ಬೇಕು. 100 ಗ್ರಾಂ ಜೋಳದಲ್ಲಿ 30 ಕೂಡ ಇಲ್ಲ, ಅಷ್ಟೇ ರಾಗಿಯಲ್ಲಿ ಸುಮಾರು 350 ಇದೆ. ಎಳ್ಳಿನಲ್ಲಿ ಇನ್ನೂ ಜಾಸ್ತಿ. ಸಂಕ್ರಾಂತಿಗೆ ಮಾಡುವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ಸುಮ್ನೆ ವಾರಕ್ಕೆರಡು ಸಲ ಮಾಡಿ. ಇದೂ ಪೂರ್ತಿ ಸಾಲದು ಎಂದು ಡಾಕ್ಟರು ಗುಳಿಗೆ ಕೊಟ್ಟರೆ ತೆಗೆದುಕೊಳ್ಳಿ.

ಮಗಳ ಹಾಲು ಮಾತ್ರ ಬಿಡಿಸಬೇಡಿ. ಬೆಳೆಯುವ ಮಗು, ಅಜ್ಜಿ ಪ್ರೀತಿಯಿಂದ ಕೊಡುತ್ತಿದ್ದಾರೆ, ಕುಡಿಯಲಿ.

ಈಗ ಅತ್ತೆ. ಬೆಳಗಿನ ಜಾವ ಎದ್ದು ಎಮ್ಮೆ ಹಿಂಡಿ, ಕಾಸಿ, ರಾತ್ರಿ ಬೆರಳಿನಿಂದ ಬಿಸಿ ನೋಡಿ ಹೆಪ್ಪು ಹಾಕುವವರು ಅವರು. ಗಡಿಗೆಯ ಮೊಸರು ಬೇಡ ಎಂದಾಗ ಅವರಿಗೆ ಕೇಳಿಸಿದ್ದು ‘ನೀವು ಬೇಡ’ ಎಂದು. ಅವರ ಮುಂದೆ ವಿಡಿಯೊದ ಮಾತು ಹೇಳಬೇಡಿ. ‘ಅತ್ತಿ, ನಂಗ ಕುಸುಬಿ ಹಾಲಿನ ಹುಗ್ಗಿ ಕಲಿಸ್ರಿ’ ಅನ್ನಿ. ಕುಸುಬಿ ನೆನೆಹಾಕಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ ಬೆಳ್ಳಗೆ ಹಾಲು ಬರುತ್ತದೆ. ಗೋಧಿ, ಬೆಲ್ಲ ಹಾಕಿ ಕುದಿಸುವಾಗ ಮನೆ ತುಂಬ ಘಮ. ಡಬ್ಬಿ ಹಾಲು ಊರಿಗೆ ಬರುವ ಎಷ್ಟೋ ಮೊದಲೇ ನಮ್ಮ ಅಜ್ಜಿಯರಿಗೆ ಈ ವಿದ್ಯೆ ಗೊತ್ತಿತ್ತು. ಮನೆಯವರೂ ಇದಕ್ಕೆ ರೇಗಲಿಕ್ಕಿಲ್ಲ, ಖರ್ಚಿಲ್ಲವಲ್ಲ!

ಅತ್ತೆ ಆ ದಿನ ಒಪ್ಪದಿದ್ದರೂ ಪರವಾಗಿಲ್ಲ. ನಾಳೆ ಒಂದು ಗಂಟೆಗೆ ಹೊಲಿಗೆ ನಿಲ್ಲಿಸಿ, ಅವರ ತಾಟಿನ ಪಕ್ಕ ನಿಮ್ಮ ತಾಟೂ ಇಟ್ಟುಕೊಂಡು ಕೂತುಬಿಡಿ. ಎರಡು ರೊಟ್ಟಿ ಪೂರ್ತಿ ಮುಗಿಯುವವರೆಗೆ ಏಳಬೇಡಿ. ಬಡಿಸುವವರು ಯಾರು ಎಂದು ಯಾರಾದರೂ ಕೇಳಿದರೆ, ಬುಟ್ಟಿ ಅವರ ಕಡೆ ಸರಿಸಿ.

ಹಾಂ, ಗುಳಿಗೆ ಕೊಳ್ಳುವಾಗ ಔಷಧದ ಅಂಗಡಿಯಲ್ಲಿ ಕೇಳಿ ನೋಡಿ. ಎಷ್ಟೋ ಕ್ಯಾಪ್ಸೂಲ್‌ಗಳ ಹೊರಗಿನ ಕವಚ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್‌ನದು. ಹಾಲೇ ಬಿಟ್ಟವರಿಗೆ ಅದು ಬೇಡ. ಒಳಗಿನ ಬಿ12 ಬ್ಯಾಕ್ಟೀರಿಯಾದಿಂದ ತಯಾರಾಗುವಂಥದ್ದು, ಅದಕ್ಕೆ ಅಡ್ಡಿಯಿಲ್ಲ. ಕವಚವಿಲ್ಲದ ಗುಳಿಗೆ ಕೇಳಿದರೆ ಕೊಡುತ್ತಾರೆ.