ಟಾರ್ಪಾಲ್ ಕೆಳಗಿನ ಕುಟುಂಬಕ್ಕೆ ಅಕ್ಕಿ ಕೊಟ್ಟರೆ ಸಾಕೇ?

ಪ್ರಶ್ನೆ: ಡಾಕ್ಟ್ರೇ, ತೋಟದ ಲೈನ್‌ಮನೆ ಬಿಟ್ಟು ಬಂದ ಒಂದು ಕುಟುಂಬ ನಮ್ಮ ರಸ್ತೆ ಪಕ್ಕ ಟಾರ್ಪಾಲ್ ಕಟ್ಟಿಕೊಂಡಿದೆ. ಗಂಡ, ಬಸುರಿ ಹೆಂಡತಿ, ಏಳು ವರ್ಷದ ಮಗಳು, ಎರಡು ವರ್ಷದ ಮಗ. ರೇಷನ್ ಕಾರ್ಡ್ ಹುಣಸೂರು ಕಡೆಯದು. ಅಕ್ಕಪಕ್ಕದವರೆಲ್ಲ ಸೇರಿ ಅಕ್ಕಿ ಕೊಡುತ್ತಿದ್ದೇವೆ. ಆದರೂ ಚಿಕ್ಕವನಿಗೆ ಪದೇ ಪದೇ ಭೇದಿ. ಇನ್ನೇನು ಮಾಡಬಹುದು?
– ಓದುಗರು, ಸಿದ್ದಾಪುರ

ಉತ್ತರ: ಈ ಮಳೆಯಲ್ಲಿ ಅವರಿಗೆ ಅಕ್ಕಿಗಿಂತ ದೊಡ್ಡ ಕೊರತೆ ಒಣ ಸೌದೆಯದು. ಒದ್ದೆ ಸೌದೆ ಉರಿಯುವುದಿಲ್ಲ. ಹಾಗಾಗಿ ಬೆಳಿಗ್ಗೆ ಒಂದೇ ಸಲ ಅನ್ನ ಮಾಡಿ ರಾತ್ರಿವರೆಗೂ ಅದನ್ನೇ ತಿನ್ನುತ್ತಾರೆ. ನೀರು ಕುದಿಸುವ ಮಾತೇ ಇಲ್ಲ. ಮಗುವಿನ ಭೇದಿಗೆ ಕಾರಣ ಬಹುಶಃ ಇಲ್ಲೇ ಇದೆ.

ನಿಮ್ಮ ಕೊಟ್ಟಿಗೆಯಲ್ಲಿ ಒಣ ಸೌದೆ ಇದ್ದರೆ ಒಂದು ಹೊರೆ ಕೊಡಿ. ಇಲ್ಲವೇ ದಿನಾ ಕುದಿಸಿ ಆರಿಸಿದ ನೀರನ್ನು ಮುಚ್ಚಳ ಇರುವ ಕ್ಯಾನಿನಲ್ಲಿ ಕೊಡಿ. ಒಲೆ ಬೇಡದ ಊಟವೂ ಇದೆ: ಅವಲಕ್ಕಿ, ಬೆಲ್ಲ, ಹುರಿಗಡಲೆ ಪುಡಿ, ಬಾಳೆಹಣ್ಣು, ನೀವೇ ಬೇಯಿಸಿ ಕೊಟ್ಟ ಮೊಟ್ಟೆ. ಚಿಕ್ಕವನಿಗೆ ಇಡೀ ಕಡಲೆ, ಶೇಂಗಾ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕಾಡಿನ ಅಣಬೆಯನ್ನು ಗುರುತು ಸಿಗದೆ ಯಾರೂ ಬೇಯಿಸದಿರಲಿ.

ಭೇದಿ ಶುರುವಾದ ಕೂಡಲೇ ಓಆರ್‌ಎಸ್ ಕೊಡಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗುಡ್ಡೆ ಬೇಡ. ಆಶಾ ಕಾರ್ಯಕರ್ತೆ ಹತ್ತಿರ ಜಿಂಕ್ ಮಾತ್ರೆಯೂ ಸಿಗುತ್ತದೆ. ಭೇದಿ ನಿಂತರೂ 14 ದಿನ ಮುಗಿಸಬೇಕು. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ನೀರೇ ಕುಡಿಯದ ಮಗು, ಇವು ಕಂಡರೆ ತಡ ಮಾಡಬೇಡಿ, 108ಕ್ಕೆ ಕರೆ ಮಾಡಿ. ದೊಡ್ಡವರಿಗೆ ಜ್ವರ ಬಂದರೂ ಸುಮ್ನೆ ಮಾತ್ರೆ ನುಂಗಿಸಬೇಡಿ. ಕೆಸರಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಇಲಿಜ್ವರದ ಭಯ ಜಾಸ್ತಿ.

ಇನ್ನು ಸರ್ಕಾರದಿಂದ ಸಿಗಬೇಕಾದ್ದು. ಮೊದಲು ಅಂಗನವಾಡಿಗೆ ಕರೆದುಕೊಂಡು ಹೋಗಿ. ಚಿಕ್ಕವನಿಗೆ ಪೌಷ್ಟಿಕ ಆಹಾರ ಸಿಗುತ್ತದೆ. ಬಸುರಿಗೆ 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಬಿಸಿ ಊಟವೂ ಇದೆ. ಬೇರೆ ಊರಲ್ಲಿ ಹೆಸರಿದ್ದರೆ ಇಲ್ಲಿಗೆ ವರ್ಗ ಮಾಡಿಸಿಕೊಳ್ಳಬಹುದು. ವಿಳಾಸ ಕೇಳಿದರೆ ಟಾರ್ಪಾಲ್ ಅಂತಲೇ ಹೇಳಿ, ನಾಚಿಕೆ ಏನೂ ಇಲ್ಲ. ಹುಡುಗಿಯನ್ನು ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ಇಲ್ಲ, ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ಪಾಠದ ಜೊತೆ ಮಧ್ಯಾಹ್ನ ಬಿಸಿಯೂಟ.

ಹುಣಸೂರಿನ ಕಾರ್ಡ್ ಬಿಪಿಎಲ್ ಅಥವಾ ಅಂತ್ಯೋದಯ ಆಗಿದ್ದರೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಹೆಬ್ಬೆಟ್ಟು ಒತ್ತಿ ರೇಷನ್ ಪಡೆಯಬಹುದು. ‘ಇದು ನಮ್ಮ ಅಂಗಡಿ ಕಾರ್ಡಲ್ಲ’ ಅಂದರೆ ಆಹಾರ ಇಲಾಖೆಯ 1967ಕ್ಕೆ ದೂರು ಕೊಡಿ. ನೀವು ಪಕ್ಕದಲ್ಲಿ ನಿಂತರೆ ದೂರಿನ ತನಕ ಹೋಗುವುದು ಕಡಿಮೆ. ಬಡವರು ಒಬ್ಬರೇ ಹೋದರೆ ಒಂದು ಮಾತು, ಜೊತೆಗೆ ಯಾರಾದರೂ ಇದ್ದರೆ ಇನ್ನೊಂದು ಮಾತು. ಇದು ಹೀಗಿರಬಾರದು, ಆದರೆ ಇದೆ ಅಲ್ವಾ?

ಪ್ರಶ್ನೆ: ಮನೆ ಕಳೆದುಕೊಂಡ ಬಾಣಂತಿಯರಿಗೆ ಹಂಚಲು ನಮ್ಮ ಸಂಘ ಮಗುವಿನ ಹಾಲಿನ ಪುಡಿ ಕೊಳ್ಳಬೇಕು ಅಂತಿದೆ. ಸರಿಯೇ?
– ಓದುಗರು, ಸುಂಟಿಕೊಪ್ಪ

ಉತ್ತರ: ಬೇಡ. ಪುಡಿ ಕಲಸಲು ಶುದ್ಧ ನೀರು, ಬಾಟಲಿ ಕುದಿಸಲು ಬೆಂಕಿ ಬೇಕು. ಅವೆರಡೂ ಇಲ್ಲದ ಕಡೆ ಬಾಟಲಿಯಿಂದಲೇ ಭೇದಿ ಬರುತ್ತದೆ. ಪುಡಿ ಶುರುವಾದರೆ ಮಗು ಎದೆಹಾಲು ಕುಡಿಯುವುದು ಕಡಿಮೆಯಾಗಿ, ಹಾಲು ಬರುವುದೂ ಕಡಿಮೆಯಾಗುತ್ತದೆ. ಆರು ತಿಂಗಳವರೆಗೆ ಮಗುವಿಗೆ ಎದೆಹಾಲೊಂದೇ ಸಾಕು. ಅದೇ ಹಣದಲ್ಲಿ ತಾಯಿಗೆ ಮೊಟ್ಟೆ, ಬೇಳೆ, ಎಣ್ಣೆ ಕೊಡಿ. ಹೊದೆಯಲು ಒಂದು ದಪ್ಪ ಕಂಬಳಿಯನ್ನೂ ಸೇರಿಸಿ. ತಾಯಿ ಇಲ್ಲದ ಮಗು, ಎದೆಹಾಲು ಸಿಗದ ಮಗು ಇದ್ದರೆ ಮಾತ್ರ ಪುಡಿಯ ವಿಚಾರ. ಅದನ್ನೂ ಆಸ್ಪತ್ರೆಯ ವೈದ್ಯರೇ ಹೇಳಲಿ.