ಆಸ್ಟಿನ್‌ನಲ್ಲಿ ಮೆಣಸಿನಕಾಯಿ, ಗ್ರಿಲ್ ಮತ್ತು ಹೊಗೆ

ಮುಂದಿನ ತಿಂಗಳು ಜಯನಗರದಿಂದ ಟೆಕ್ಸಸ್‌ನ ಆಸ್ಟಿನ್‌ಗೆ ಬರಲಿರುವ ನೀವು, ಇಲ್ಲಿನ ಅಪಾರ್ಟ್‌ಮೆಂಟಿನಲ್ಲಿ ಒಣಮೆಣಸಿನಕಾಯಿ ಹುರಿಯಬಹುದೇ, ಸಹೋದ್ಯೋಗಿಗಳು ಗ್ರಿಲ್ ಮೇಲೆ ಹೊಗೆಯಾಡಿಸಿ ಮಾಡುವ ‘ಚಿಲ್ಲಿ’ ಎಂಬ ಗಟ್ಟಿ ಸಾರಿನಂಥ ಖಾದ್ಯವನ್ನು ಮಾಂಸವಿಲ್ಲದೆ ಮಾಡಲು ಸಾಧ್ಯವೇ ಎಂದು ಕೇಳಿದ್ದೀರಿ. ಒಳಗೆ ಹುರಿದರೆ ಸ್ಮೋಕ್ ಅಲಾರಂ ಕೂಗಿಕೊಳ್ಳುವ ಸಂಭವವೇ ಹೆಚ್ಚು. ಹಾಗಾಗಿ ಘಾಟಿನ ಅಡುಗೆಗೆಲ್ಲ ಬಯಲಿನ ಗ್ರಿಲ್ಲೇ ಸರಿಯಾದ ಜಾಗ.

ಮರದ ಕಟ್ಟಡಗಳ ಬಾಲ್ಕನಿಯಲ್ಲಿ ಇದ್ದಿಲಿನ ಗ್ರಿಲ್ ಹೊತ್ತಿಸಲು ಸಾಮಾನ್ಯವಾಗಿ ಅನುಮತಿ ಇರುವುದಿಲ್ಲವಾದ್ದರಿಂದ, ಈಜುಕೊಳದ ಬದಿಯಲ್ಲಿ ನಿವಾಸಿಗಳೆಲ್ಲರಿಗಾಗಿ ಇಟ್ಟಿರುವ ಗ್ರಿಲ್ ಇದೆಯೇ ಎಂದು ಮನೆ ಹಿಡಿಯುವಾಗಲೇ ವಿಚಾರಿಸಿರಿ. ಚಳಿಯೆಂದು ಉರಿಯುವ ಇದ್ದಿಲನ್ನು ಮಾತ್ರ ಎಂದಿಗೂ ಮನೆಯೊಳಗೆ ತರಬೇಡಿ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಪ್ರಾಣಕ್ಕೇ ಅಪಾಯ.

ಚಿಲ್ಲಿ 1977ರಿಂದ ಟೆಕ್ಸಸ್‌ನ ಅಧಿಕೃತ ರಾಜ್ಯ ಖಾದ್ಯ. ದನದ ಮಾಂಸ ಮತ್ತು ಒಣಮೆಣಸಿನಕಾಯಿಯೇ ಅದರ ಜೀವಾಳವೆಂದು ನಂಬಿದ ಇಲ್ಲಿನವರು ಕಾಳು ಹಾಕುವುದನ್ನು ಒಪ್ಪುವುದಿಲ್ಲ. ಆದರೂ ಸಸ್ಯಾಹಾರಿಗಳಾದ ನಾವು ರಾಜ್ಮಾ ಹಾಕಿ ಮಾಡಿದ್ದನ್ನು ಅವರು ಸಂತೋಷದಿಂದಲೇ ಉಣ್ಣುತ್ತಾರೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಹಸಿ ರಾಜ್ಮಾದಲ್ಲಿರುವ ಫೈಟೊಹೀಮಗ್ಲುಟಿನಿನ್ ಎಂಬ ಪ್ರೋಟೀನ್ ಕೊತಕೊತ ಕುದಿದಾಗ ಮಾತ್ರ ನಾಶವಾಗುತ್ತದೆ. ಗ್ರಿಲ್‌ನ ಮಂದ ಬಿಸಿಯಲ್ಲಿ ಅರೆಬೆಂದ ಕಾಳು ವಾಂತಿ ಭೇದಿಗೆ ಕಾರಣವಾಗುತ್ತದೆ. ಆದ್ದರಿಂದ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಪೂರ್ತಿ ಬೇಯಿಸಿಕೊಂಡೇ ಗ್ರಿಲ್‌ಗೆ ಒಯ್ಯಿರಿ.

ಉರಿಯನ್ನು ಒಂದು ಬದಿಗಿಟ್ಟು, ಬೆಂದ ರಾಜ್ಮಾ, ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ, ನೆನೆಸಿ ರುಬ್ಬಿದ ಮೆಣಸಿನಕಾಯಿ ಸೇರಿದ ಪಾತ್ರೆಯನ್ನು ಮತ್ತೊಂದು ಬದಿಯಲ್ಲಿ ತೆರೆದಿಟ್ಟು, ಗ್ರಿಲ್‌ನ ಮುಚ್ಚಳವನ್ನು ಮುಚ್ಚಿ, ಒಳಗಿನ ಬಿಸಿ 110ರಿಂದ 120 ಡಿಗ್ರಿ ಸೆಲ್ಸಿಯಸ್ ಇರುವಂತೆ ನೋಡಿಕೊಳ್ಳಿರಿ. ಗ್ಯಾಸಿನ ಗ್ರಿಲ್ ಆದರೆ ಹಿಕರಿ ಅಥವಾ ಓಕ್ ಮರದ ಚೂರುಗಳನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ತೂತು ಮಾಡಿ ಬರ್ನರಿನ ಮೇಲಿಟ್ಟರಾಯಿತು. ಅಂಟು ಒಸರುವ ಪೈನ್ ಮರ ಬೇಡ. ಹೊಗೆ ತೆಳ್ಳಗೆ ನೀಲಿಯಾಗಿರಬೇಕು, ದಟ್ಟ ಬಿಳಿಯ ಹೊಗೆ ಕಹಿ ಬಿಡುತ್ತದೆ. ಹೊಗೆ ಹಿಡಿಯುವುದು ಮೇಲ್ಪದರಕ್ಕೆ ಮಾತ್ರವಾದ್ದರಿಂದ ಎರಡು ಗಂಟೆಯ ಕಾಲ ಆಗಾಗ ಕದಡುತ್ತಿರಬೇಕು. ಈ ಕೆಲಸದಲ್ಲಿ ಆತುರ ಸಲ್ಲದು.

ಬ್ಯಾಡಗಿ ಮೆಣಸಿನಕಾಯಿಯನ್ನು ಬೆಂಗಳೂರಿನಿಂದ ಹೊತ್ತು ತರಬೇಕಿಲ್ಲ, ಭಾರತೀಯ ಅಂಗಡಿಗಳಲ್ಲಿ ದೊರೆಯುತ್ತದೆ. ಅದು ತೀರಿದರೆ, ಖಾರ ಕಡಿಮೆಯಿದ್ದು ಬಣ್ಣ ಕೊಡುವ ಮೆಕ್ಸಿಕೋದ ಗ್ವಾಹಿಯೊ ಮೆಣಸಿನಕಾಯಿ ಅದರ ಸ್ಥಾನ ತುಂಬುತ್ತದೆ. ಗ್ರಿಲ್ ಸಿಗದ ವಾರ, ಹೊಗೆಯಲ್ಲೇ ಒಣಗಿಸಿದ ಹಾಲಪೆನ್ಯೊ ಮೆಣಸಿನಕಾಯಿ ಆಗಿರುವ ಚಿಪೋಟ್ಲೆಯನ್ನು ಒಂದೆರಡು ಹಾಕಿ ಒಲೆಯ ಮೇಲೆಯೇ ಕುದಿಸಬಹುದು.